ಧೂಳು ನುಸುಳದ ಗಾಡಿ

ಕೆಲಸ ಬಿಟ್ಟ ಮೇಲೂ ಹುಡುಗರು ನನ್ನನ್ನು ಹುಡುಕಿಕೊಂಡು ಮನೆಗೆ ಬರುತ್ತಾರೆ. ಹಳೆಯ ಫೋರ್-ವೀಲ್ ಡ್ರೈವ್ ಗಾಡಿಗಳನ್ನು ದೂರದ ಪ್ರವಾಸಕ್ಕೆ ಸಜ್ಜು ಮಾಡುವ ಅಂಗಡಿಗಳು ಹೈದರಾಬಾದಿನಲ್ಲಿ ಈಗ ಬೇಕಾದಷ್ಟಾಗಿವೆ, ಕಲಿಯಬೇಕೆನ್ನುವವರೂ ಇದ್ದಾರೆ. ಬಂದವರು ಮೊದಲು ಕೇಳುವುದು ಯಾವ ಲೈಟು ಹಾಕಬೇಕು, ಯಾವ ಫ್ರಿಜ್ಜು ಒಳ್ಳೆಯದು ಎಂದು. ಅದನ್ನೆಲ್ಲ ಫೋನಿನಲ್ಲೇ ನೋಡಿ ತಿಳಿಯಬಹುದು. ಕೆಲಸ ಎಲ್ಲಿ ಕೆಡುತ್ತದೆ, ಕೆಟ್ಟದ್ದು ಹೇಗೆ ನೆಟ್ಟಗಾಗುತ್ತದೆ ಎಂಬುದು ಅಲ್ಲಿ ಸಿಗುವುದಿಲ್ಲ. ಅದಕ್ಕೇ ಇದನ್ನು ಬರೆದಿಡುತ್ತಿದ್ದೇನೆ.

ನನ್ನ ಹೆಸರು ಮಹಾದೇವಿ. ಚಿಂಚೋಳಿ ಕಡೆಯವಳು. ಮದುವೆಯಾದ ಹೊಸದರಲ್ಲಿ ಗಂಡನ ಜೊತೆ ಹೈದರಾಬಾದಿಗೆ ಬಂದೆ. ಮಾದಾಪುರದಲ್ಲಿ ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲ. ಅವರು ಸೆಂಟ್ರಿಂಗ್ ಕೆಲಸಕ್ಕೆ ಹೋಗುತ್ತಿದ್ದರು, ನಾನು ಬುಟ್ಟಿ ಹೊರುತ್ತಿದ್ದೆ. ನಮ್ಮ ಗುಡಿಸಲಿಗೆ ಹೊದಿಸಿದ್ದ ತಾಡಪತ್ರಿ ಹರಿದಾಗಲೆಲ್ಲ ದಬ್ಬಳ ಹಿಡಿದು ನಾನೇ ಹೊಲಿಯುತ್ತಿದ್ದೆ. ಸಿಮೆಂಟು ಇಳಿಸಲು ಬಂದ ಲಾರಿಯ ಚಾಲಕನೊಬ್ಬ ಆ ಹೊಲಿಗೆ ನೋಡಿ ತನ್ನ ತಾಡಪತ್ರಿಯನ್ನೂ ಕೊಟ್ಟ. ಅದು ಅವನಿಗೆ ಹಿಡಿಸಿ, ನನ್ನನ್ನು ಖಾದರ್ ಉಸ್ತಾದರ ಅಂಗಡಿಗೆ ಕಳಿಸಿದ.

ಅಂಗಡಿ ಎಂದರೆ ಜೀಡಿಮೆಟ್ಲಾಕ್ಕೆ ಹೋಗುವ ರಸ್ತೆಯಲ್ಲಿ ತಗಡಿನ ದೊಡ್ಡ ಶೆಡ್ಡು. ಜೀಪುಗಳ ಮೇಲೆ ಹೊದಿಸುವ ಕ್ಯಾನ್ವಾಸ್ ಹುಡ್, ಸೀಟು, ಒಳ ಲೈನಿಂಗು ಅವರ ಕೆಲಸ. ಉಸ್ತಾದರ ಬಾಯಿ ಜೋರು, ಕೈ ನಿಧಾನ. ಹೆಂಗಸೊಬ್ಬಳು ಜೀಪಿನ ಹುಡ್ ಹೊಲಿಯುವುದನ್ನು ಆ ರಸ್ತೆಯಲ್ಲಿ ಯಾರೂ ಕಂಡಿರಲಿಲ್ಲ. ಪಕ್ಕದ ಅಂಗಡಿಯವರು ನಕ್ಕಾಗ, “ತುಮ್ ಅಪ್ನಾ ಕಾಮ್ ದೇಖೋ ಮಿಯಾ”, ನಿಮ್ಮ ಕೆಲಸ ನೀವು ನೋಡಿಕೊಳ್ಳಿ, ಎಂದು ಅವರ ಬಾಯಿ ಮುಚ್ಚಿಸಿದರು. ಹಾಗಂತ ನನಗೇನೂ ರಿಯಾಯಿತಿ ಇರಲಿಲ್ಲ. ನಾನು ಹೊಲಿದ ಮೊದಲ ಹುಡ್ಡನ್ನು ಗಾಡಿಗೆ ಕಟ್ಟಿಸಿ, ಅದರಡಿ ನನ್ನನ್ನೇ ಕೂರಿಸಿ, ಮೇಲಿನಿಂದ ಬಕೆಟ್ಟುಗಟ್ಟಲೆ ನೀರು ಸುರಿಸಿದರು. ನಾನು ತೊಯ್ದು ತೊಪ್ಪೆಯಾದೆ. “ಅಬ್ ಸಮ್ಝೀ?” ಈಗ ತಿಳಿಯಿತಾ, ಎಂದಷ್ಟೇ ಕೇಳಿದರು. ಸೋರಿದ ಜಾಗಗಳನ್ನು ಬಿಚ್ಚಿ ಮತ್ತೆ ಹೊಲಿದೆ.

ಕ್ಯಾನ್ವಾಸ್ ಹುಡ್ಡುಗಳ ಕಾಲ ಮುಗಿದ ಮೇಲೆ ಮಾದಾಪುರದ ಆಫೀಸುಗಳ ಹುಡುಗರು ಹಳೆಯ ಗಾಡಿ ಕೊಂಡು, ಅದರಲ್ಲೇ ಮಲಗುವ ಹಾಗೆ ಮಾಡಿಕೊಡಿ ಎಂದು ಬರತೊಡಗಿದರು. ನಾವು ಮಾಡಿದ ಅಂಥ ಮೊದಲ ಗಾಡಿ ನೋಡಲು ಅರಮನೆಯಂತಿತ್ತು. ಪ್ಲೈವುಡ್ಡಿನ ಪೆಟ್ಟಿಗೆ, ಮೇಲೆ ಫೋಮಿನ ಗಾದಿ, ಕೆಳಗೆ ಸಾಲಾಗಿ ಖಾನೆಗಳು. ಜಾಕು, ಪಾನಾ ಎಲ್ಲ ಆ ಪೆಟ್ಟಿಗೆಯ ತಳದಲ್ಲಿ ಅಡಗಿಹೋಗಿದ್ದವು. ಶ್ರೀಶೈಲದ ಕಾಡಿನ ನಡುವೆ ಅದನ್ನು ಒಯ್ದ ಹುಡುಗರ ಚಕ್ರ ಪಂಕ್ಚರ್ ಆಯಿತು. ಜಾಕು ತೆಗೆಯಬೇಕೆಂದರೆ ಅನ್ನದ ಪಾತ್ರೆಯಿಂದ ಹಿಡಿದು ಗಾದಿಯವರೆಗೆ ಎಲ್ಲವನ್ನೂ ರಸ್ತೆಗೆ ಇಳಿಸಬೇಕು. ಇಳಿಸಿದ್ದನ್ನೆಲ್ಲ ಕೋತಿಗಳು ಹಂಚಿಕೊಂಡವು. ವಾಪಸು ಬಂದವರು ನಗುತ್ತಲೇ ಹೇಳಿದರು, ಉಸ್ತಾದರು ಮಾತ್ರ ನಗಲಿಲ್ಲ. ಅಂದೇ ಪೆಟ್ಟಿಗೆ ಬಿಚ್ಚಿಸಿ ಹಿಂಬಾಗಿಲ ಪಕ್ಕ ಜಾಕಿಗೆ ಬೇರೆ ಜಾಗ ಮಾಡಿಸಿದರು. ನೀವು ಎಷ್ಟೇ ಚಂದದ ಕೆಲಸ ಮಾಡಿ, ಆಪತ್ತಿನಲ್ಲಿ ಬೇಕಾಗುವುದಕ್ಕೆ ಮೊದಲು ಜಾಗ ಬಿಟ್ಟುಕೊಂಡು ಆಮೇಲೆ ಗಾದಿ ಅಳೆಯಿರಿ.

ಇಂಥ ಗಾಡಿಗಳು ಎಷ್ಟೋ ಬಂದವು, ಹೋದವು. ಆದರೆ ನನ್ನ ಕೈಯಿಂದ ಆದ ದೊಡ್ಡ ಕೆಲಸ ಯಾವುದೆಂದು ಯಾರಾದರೂ ಕೇಳಿದರೆ, ನಾನು ಕಸ್ತೂರಿಬಾಯಿಯವರ ಗಾಡಿಯ ಮಾತು ತೆಗೆಯುತ್ತೇನೆ.

ಒಂದು ಮಧ್ಯಾಹ್ನ ಧೂಳು ಮೆತ್ತಿದ ಹಳೆಯ ಫೋರ್-ವೀಲ್ ಗಾಡಿಯೊಂದು ಶೆಡ್ಡಿನ ಮುಂದೆ ನಿಂತಿತು. ಚಾಲಕರ ಸೀಟಿನಿಂದ ಇಳಿದದ್ದು ಅರವತ್ತರ ಆಸುಪಾಸಿನ ಹೆಂಗಸು. ಇಳಕಲ್ ಸೀರೆ, ಕಾಲಲ್ಲಿ ಕ್ಯಾನ್ವಾಸ್ ಬೂಟು. ಉಸ್ತಾದರೊಡನೆ ಹಿಂದಿಯಲ್ಲಿ ಮಾತಾಡುತ್ತಿದ್ದಾಗ ಅವರ ಫೋನು ಬಡಿದುಕೊಂಡಿತು. ಅವರು ಪಕ್ಕಕ್ಕೆ ಸರಿದು ಕನ್ನಡದಲ್ಲಿ ಶುರುಮಾಡಿದರು.

“ಕೈ ತೊಳಕೊಂಡ್ರೇನು? ಬಾಗಲಾ ಹಾಕ್ಕೋರಿ. ಫ್ಯಾನ್ ಬಂದ್ ಮಾಡ್ರಿ. ಮೂಗಿಗೆ ಬಟ್ಟಿ ಕಟ್ಟಿಕೊಂಡ್ರೇನು? ಹೂಂ, ಈಗ ಚೀಲಾ ತೂಗು ಹಾಕ್ರಿ. ನಾ ಬರಾಕತ್ತೀನಿ.”

ನಾನು ಮಷೀನು ನಿಲ್ಲಿಸಿ ಎದ್ದು ಬಂದೆ. “ಯಾವೂರು ಅಕ್ಕಾರ ನಿಮ್ದು?”

“ಅಯ್ಯ, ಕನ್ನಡದವರೇನ್ರಿ!” ಎಂದು ಅವರು ನನ್ನ ಕೈ ಹಿಡಿದುಕೊಂಡರು. “ನಮ್ದು ಸೇಡಂ. ಈಗ ಮಿಯಾಪುರದಾಗ ಇರ್ತೀವಿ. ಭಾಳ ಛಲೋ ಆತು ನೋಡ್ರಿ.”

ಕೂತು ಎಲ್ಲವನ್ನೂ ಹೇಳಿದರು. ಅವರ ಗಂಡ ವೀರಣ್ಣ ಬಟ್ಟೆ ವ್ಯಾಪಾರಿ. ಮಾಲು ತರಲು ವರ್ಷವಿಡೀ ಗುಜರಾತು, ರಾಜಸ್ಥಾನ ಎಂದು ತಿರುಗುತ್ತಿದ್ದವರು. ಅವರು ತಿರುಗುವಾಗ ಅಂಗಡಿ ನೋಡಿಕೊಂಡದ್ದು ಕಸ್ತೂರಿಬಾಯಿ. ಈಗ ವೀರಣ್ಣನವರ ಮೂತ್ರಪಿಂಡಗಳು ಕೆಲಸ ನಿಲ್ಲಿಸಿದ್ದವು. ಹೊಟ್ಟೆಗೆ ಒಂದು ಸಣ್ಣ ನಳಿಕೆ ಹಾಕಿದ್ದರು. ಔಷಧದ ನೀರು ತುಂಬಿದ ಚೀಲವನ್ನು ಎತ್ತರಕ್ಕೆ ತೂಗುಹಾಕಿ ಆ ನಳಿಕೆಯಿಂದ ಹೊಟ್ಟೆಯೊಳಗೆ ಬಿಡಬೇಕು, ಒಳಗಿದ್ದ ಹಳೆಯ ನೀರನ್ನು ಕೆಳಗಿನ ಚೀಲಕ್ಕೆ ಇಳಿಸಬೇಕು. ದಿನಕ್ಕೆ ಹಲವು ಸಲ, ಮನೆಯಲ್ಲೇ. ಹೊರಬಂದ ನೀರು ತಿಳಿಯಾಗಿದ್ದರೆ ಸರಿ. ಮಬ್ಬಾಗಿದ್ದರೆ ಹೊಟ್ಟೆಯೊಳಗೆ ಸೋಂಕು ಹೊಕ್ಕಿದೆ ಎಂದರ್ಥ, ಜೀವಕ್ಕೇ ಅಪಾಯ. ಅದಕ್ಕೇ ಧೂಳು, ಗಾಳಿ ಏನೂ ಇರಬಾರದು.

“ನಳಿಕಿ ಹಾಕಿದಾಗಿಂದ ಇವರು ದವಾಖಾನಿ ಬಿಟ್ಟು ಬ್ಯಾರೆ ಎಲ್ಲಿಗೂ ಅಪಾರ್ಟ್‌ಮೆಂಟ್ ಗೇಟ್ ದಾಟಿಲ್ರಿ. ತಮ್ಮನ ಮಗಳ ಮದಿವಿಗೂ ಬರ್ಲಿಲ್ಲ. ಹೊಟೇಲ್ ರೂಮ್ ಹೆಂಗಿರತೈತೋ ಏನೋ ಅಂತ ಹೆದರಿಕಿ. ಅದಕ್ಕ ಸ್ವಚ್ಛ ರೂಮನ್ನ ಸಂಗಾಟ ಒಯ್ಯಬೇಕಂತ ಮಾಡೀನಿ. ಗಾಡಿ ಹೊಡಿಯೋದೂ ಕಲತೀನಿ.”

“ಎಲ್ಲಿಗೆ ಹೋಗವ್ರು?”

“ಕಛ್‌ನಾಗಿನ ಉಪ್ಪಿನ ಬಯಲಿಗೆ. ಆಮ್ಯಾಲ ಜೈಸಲ್ಮೇರ್ ಕಡೆ, ಉಸುಕಿನಾಗ.”

“ಅಕ್ಕಾರ, ಅಲ್ಲೆಲ್ಲಾ ಧೂಳೇ ಧೂಳು!”

“ಗೊತ್ತೈತ್ರಿ. ಮಾಲು ತರಾಕ ಅಲ್ಲಿಗೆ ಹೋಗಿ ಬಂದು ಇವರು ವರ್ಣನಾ ಮಾಡಿದ್ದೇ ಮಾಡಿದ್ದು. ಕೇಳಿ ಕೇಳಿ ಸಾಕಾಗೈತಿ. ಈಗ ನೋಡಬೇಕು.”

ನಾನು ಉಸ್ತಾದರಿಗೆ ವಿವರಿಸಿದೆ. ಅವರು ತಲೆಯಾಡಿಸಿಬಿಟ್ಟರು. “ಗಾಡಿ ಬಿಗಡ್ ಗಯೀ ತೋ ಬನಾ ದೇಂಗೇ. ಆದ್ಮಿ ಬಿಗಡ್ ಗಯಾ ತೋ?” ಗಾಡಿ ಕೆಟ್ಟರೆ ಮಾಡಿಕೊಡಬಹುದು, ಮನುಷ್ಯ ಕೆಟ್ಟರೆ?

ಕಸ್ತೂರಿಬಾಯಿ ತಡಮಾಡದೆ, “ಘರ್ ಮೇ ಬೈಠ್‌ಕೋ ಭೀ ವಹೀಚ್ ಹೋರಾ, ಭಾಯ್” ಎಂದರು. ಮನೆಯಲ್ಲಿ ಕೂತರೂ ಅದೇ ಆಗುತ್ತಿದೆ.

ಉಸ್ತಾದರು ಗಾಡಿಗೆ ಒಂದು ಸುತ್ತು ಬಂದರು. ಕೊನೆಗೆ ಒಂದು ಷರತ್ತು ಹಾಕಿದರು. ಆಸ್ಪತ್ರೆಯವರು ಬಂದು ನೋಡಿ ಸರಿ ಎನ್ನುವವರೆಗೆ ಗಾಡಿ ಶೆಡ್ಡು ಬಿಡುವಂತಿಲ್ಲ. ಕೆಲಸವನ್ನು ನನಗೆ ವಹಿಸಿದರು.

ಟೇಪು ಹಿಡಿಯುವ ಮೊದಲು ನಾನು ಮಿಯಾಪುರದ ಅವರ ಮನೆಗೆ ಹೋದೆ. ವೀರಣ್ಣನವರು ಎತ್ತರದ, ಬಾಡಿದ ಮನುಷ್ಯ. ನನ್ನನ್ನು ಮೇಲಿಂದ ಕೆಳಗೆ ನೋಡಿ, “ನನ್ನ ಡಬ್ಬ್ಯಾಗ ಹಾಕಿ ಒಯ್ಯಾಕ ಅಳತಿ ತಗೊಳ್ಳೋರು ನೀವೇ ಏನು?” ಎಂದರು.

“ಹೌದ್ರಿ ಅಣ್ಣಾರ. ಸ್ವಲ್ಪ ನೆಟ್ಟಗ ಕೂಡ್ರಿ” ಎಂದೆ. ಅವರ ತುಟಿ ಕೊಂಚ ಅಲುಗಿತು.

ಆಸ್ಪತ್ರೆಯಿಂದ ಸಿಸ್ಟರ್ ಲಲಿತಾ ಎಂಬವರೂ ಬಂದಿದ್ದರು. ಮನೆಯಲ್ಲಿ ಡಯಾಲಿಸಿಸ್ ಮಾಡಿಕೊಳ್ಳುವವರಿಗೆ ಹೇಳಿಕೊಡುವುದೇ ಅವರ ಕೆಲಸ. ಅಚ್ಚ ತೆಲುಗಿನವರು, ಮಾತು ಖಡಕ್ಕು. ನನಗೂ ಕೈ ತೊಳೆಸಿ, ಮಾಸ್ಕು ಹಾಕಿಸಿ ಮೂಲೆಯಲ್ಲಿ ಕೂರಿಸಿದರು. ಚೀಲ ಎಷ್ಟು ಎತ್ತರದಲ್ಲಿರಬೇಕು, ಮೈಬಿಸಿಗೆ ಸಮನಾಗಿ ಅದನ್ನು ಹೇಗೆ ಬೆಚ್ಚಗಿಡಬೇಕು, ತೊಳೆದ ಕೈ ಯಾವುದನ್ನು ಮುಟ್ಟಬಾರದು, ಒಂದೊಂದನ್ನೂ ತೋರಿಸಿದರು. ನಾನು ಅಡ್ಡಪ್ರಶ್ನೆ ಕೇಳಿದರೆ ಬೇಸರಿಸದೆ ಮತ್ತೆ ಹೇಳಿದರು. ಅವರಿಂದ ಕಲಿತಷ್ಟನ್ನು ನಾನು ಆಮೇಲೆ ಯಾರಿಂದಲೂ ಕಲಿತಿಲ್ಲ.

ಕಸ್ತೂರಿಬಾಯಿ ಕೊಳ್ಳುವ ಮೊದಲು ಗಾಡಿ ತಾಂಡೂರಿನ ಕಲ್ಲುಗಣಿಯ ಗುತ್ತಿಗೆದಾರನ ಹತ್ತಿರ ಇತ್ತಂತೆ. ಸೀಟು, ಮ್ಯಾಟು ಬಿಚ್ಚಿದರೆ ಒಳಗೆಲ್ಲ ಹಿಟ್ಟಿನಂಥ ಕಲ್ಲಪುಡಿ. ಬಾಗಿಲ ತಗಡಿನೊಳಗೆ, ಏಸಿಯ ಗೂಡಿನೊಳಗೆ, ಎಲ್ಲಿ ಕೈ ಹಾಕಿದರೂ ಅದೇ. ಊದಿದೆವು, ತೊಳೆದೆವು, ಒಣಗಿಸಿದೆವು, ಮತ್ತೆ ಊದಿದೆವು. ಆಮೇಲೆ ಕೆಲಸ ಹಿಡಿದೆವು. ಔಷಧದ ಪೆಟ್ಟಿಗೆಗಳು ಬಲು ಭಾರ, ಅವನ್ನು ಮುಂದಿನ ಸೀಟಿನ ಬೆನ್ನಿಗೆ ತಳದಲ್ಲೇ ಕೂರಿಸಿ, ಹಿಂದಿನ ಸ್ಪ್ರಿಂಗು ಬದಲಾಯಿಸಿದೆವು. ಒಂದು ಬದಿಗೆ ಹಾಸಿಗೆ, ಚಾವಣಿಗೆ ಚೀಲದ ಕೊಕ್ಕೆ. ಕೈ ತೊಳೆಯುವ ನೀರು ಕಾಲಿನಿಂದ ತುಳಿದರೆ ಬರುವಂತೆ ಪಂಪು, ನಲ್ಲಿ ಮುಟ್ಟುವ ಗೋಜೇ ಇಲ್ಲ. ಚೀಲ ಬೆಚ್ಚಗಿಡಲು ಇನ್ನೊಂದು ಬ್ಯಾಟರಿಯಿಂದ ನಡೆಯುವ ಹೀಟರು. ಗಾಡಿ ಓಡುವಾಗ ಹೊರಗಿನ ಗಾಳಿಯನ್ನು ಸೋಸಿ ಒಳಕ್ಕೆ ತುಂಬುವ ಬ್ಲೋವರು, ಒಳಗೆ ಗಾಳಿಯ ಒತ್ತಡವಿದ್ದರೆ ಧೂಳು ನುಗ್ಗುವುದಿಲ್ಲ. ಎಲ್ಲ ಮುಗಿಸಿ, ಒಳಗೋಡೆಗೆ ಮೆತ್ತನೆಯ ಕೆನೆಬಣ್ಣದ ಬಟ್ಟೆ ಹೊಲಿದು ಕೂರಿಸಿದೆ. ನನ್ನ ಇಡೀ ಬದುಕಿನಲ್ಲಿ ಅಷ್ಟು ಚಂದದ ಲೈನಿಂಗು ಹೊಲಿದಿರಲಿಲ್ಲ.

ಧೂಳು ನುಸುಳುತ್ತದೋ ಎಂದು ನೋಡಲು ಹಾಸಿಗೆಯ ಮೇಲೆ ಕರಿಬಟ್ಟೆ ಹಾಸಿ, ಮಿಯಾಪುರದಾಚೆ ಕಟ್ಟಡ ಏಳುತ್ತಿದ್ದ ಕಡೆಯ ಮಣ್ಣುರಸ್ತೆಯಲ್ಲಿ ಗಾಡಿ ಓಡಿಸಿಕೊಂಡು ಬಂದೆವು. ಬಾಗಿಲು ತೆಗೆದೆ. ಕರಿಬಟ್ಟೆ ಬೂದಿಯ ಬಣ್ಣಕ್ಕೆ ತಿರುಗಿತ್ತು.

ಉಸ್ತಾದರು ಹಳೆಯ ಪದ್ಧತಿಯಂತೆ ಗಾಡಿಯೊಳಗೆ ಬಲ್ಬು ಉರಿಸಿಟ್ಟು, ಹೊರಗೆ ಎಲ್ಲಿ ಬೆಳಕು ಸೋರುತ್ತದೆಂದು ಹುಡುಕಿದರು. ಏನೂ ಕಾಣಲಿಲ್ಲ. ಗುರುವಾರಗಳಂದು ಅವರು ಶೆಡ್ಡಿಗೆಲ್ಲ ಲೋಬಾನದ ಹೊಗೆ ಹಾಕುವುದು ವಾಡಿಕೆ. ಆ ಗುರುವಾರ ಹೊಗೆಯ ತಟ್ಟೆ ಹಿಡಿದು ಗಾಡಿಯ ಪಕ್ಕ ಬಂದಾಗ ಒಳಗಿನ ಬ್ಲೋವರು ಓಡುತ್ತಿತ್ತು. ನೆಟ್ಟಗೆ ಏಳುತ್ತಿದ್ದ ಹೊಗೆ ಹಿಂಬಾಗಿಲ ಹತ್ತಿರ ಪಕ್ಕಕ್ಕೆ ಸಿಡಿಯಿತು.

“ಉಸ್ತಾದ್, ರುಕೋ!” ಎಂದು ನಾನು ಕೂಗಿದ್ದಕ್ಕೆ ಅವರು ತಟ್ಟೆಯನ್ನೇ ಬೀಳಿಸುವುದರಲ್ಲಿದ್ದರು.

ಊದುಬತ್ತಿ ಹಚ್ಚಿಕೊಂಡು ಗಾಡಿಯ ಸುತ್ತ ಇಂಚಿಂಚೂ ತಿರುಗಿದೆ, ಕೆಳಗೂ ಮಲಗಿ ನೋಡಿದೆ. ಬಾಗಿಲ ರಬ್ಬರು ಒಂದು ಕಡೆ ಚಪ್ಪಟೆಯಾಗಿತ್ತು. ನೆಲದ ತಗಡಿನಲ್ಲಿ ನೀರು ಹೋಗಲು ಬಿಟ್ಟ ತೂತುಗಳ ಬಿರಡೆಗಳು ಎಂದೋ ಉದುರಿಹೋಗಿದ್ದವು. ಗಾಳಿ ಹೊರಬರುವ ದಾರಿಯೇ ಧೂಳು ಒಳಹೋಗುವ ದಾರಿ. ಎಲ್ಲ ಮುಚ್ಚಿದೆವು. ಮುಂದಿನ ಓಟದಲ್ಲಿ ಕರಿಬಟ್ಟೆ ಕರಿಬಟ್ಟೆಯಾಗಿಯೇ ತಿರುಗಿ ಬಂತು. ನಾನು ಕುಣಿಯುವುದೊಂದು ಬಾಕಿ.

ಆ ಸಂತೋಷ ಸಿಸ್ಟರ್ ಲಲಿತಾ ಬರುವವರೆಗೆ ಮಾತ್ರ. ಅವರು ಒಳಗೆ ಕೂತು, ನನ್ನ ಕೆನೆಬಣ್ಣದ ಗೋಡೆಯ ಮೇಲೆ ಬೆರಳಾಡಿಸಿ, ತೆಲುಗಿನಲ್ಲಿ ಹೇಳಿದರು: “ಅಮ್ಮಾ, ಇದು ಬಹಳ ಚೆನ್ನಾಗಿದೆ. ಆದರೆ ಇದನ್ನು ಔಷಧ ಹಾಕಿ ಒರೆಸಲು ಆಗುತ್ತದಾ? ಬಟ್ಟೆ ಧೂಳನ್ನು ಹಿಡಿದಿಟ್ಟುಕೊಳ್ಳುತ್ತದೆ. ನಾನು ಒಪ್ಪಲಾರೆ.” ಅವರ ಮಾತಿನಲ್ಲಿ ತಪ್ಪು ಹುಡುಕಲು ಏನೂ ಇರಲಿಲ್ಲ. ಆ ಸಂಜೆ ನಾನೇ ಕತ್ತರಿ ಹಿಡಿದು ಅಷ್ಟನ್ನೂ ಕಿತ್ತು ಹಾಕಿದೆ. ಕಣ್ಣಲ್ಲಿ ನೀರು ಬಂದದ್ದು ಸುಳ್ಳಲ್ಲ.

ಬಟ್ಟೆ ಕಿತ್ತ ಸುದ್ದಿಯನ್ನು ಕಸ್ತೂರಿಬಾಯಿಗೆ ಫೋನಿನಲ್ಲಿ ಹೇಳಿದೆ. ಮಾರನೆಯ ದಿನ ಆಟೋವೊಂದು ಶೆಡ್ಡಿನ ಮುಂದೆ ನಿಂತಿತು. ಇಳಿದವರು ವೀರಣ್ಣ! ಹಿಂದೆ ಕಸ್ತೂರಿಬಾಯಿ, ಬಾಯಿ ಮುಚ್ಚಿಕೊಂಡು ನಗು ತಡೆಯುತ್ತಿದ್ದರು.

“ಎಲ್ಲೈತಿ ಆ ಬಟ್ಟಿ?” ಎಂದು ಬಂದವರೇ ಕೇಳಿದರು. ಕಿತ್ತ ತುಂಡೊಂದನ್ನು ಎರಡು ಬೆರಳ ನಡುವೆ ಉಜ್ಜಿ ಬೆಳಕಿಗೆ ಹಿಡಿದರು. “ಇದು ಎಳಿ ಎಳಿ ಜುಂಗು ಬಿಡೋ ಮಾಲು. ಇದನ್ನ ಯಾರರ ಇದಕ್ಕ ಹಾಕ್ತಾರೇನ್ರಿ? ಜನ್ಮೆಲ್ಲಾ ಬಟ್ಟಿ ಮಾರೀನಿ, ನನ್ನ ಒಂದ್ ಮಾತ ಕೇಳಬಾರದಾ?”

“ನೀವು ಮಾತಾಡಿದ್ರಲ್ಲ ಕೇಳೂದು?” ಎಂದರು ಕಸ್ತೂರಿಬಾಯಿ.

ಅವರು ಹೇಳಿದ್ದು ಒಂದು ಬದಿಗೆ ಪ್ಲಾಸ್ಟಿಕ್ ಲೇಪವಿದ್ದ ನುಣುಪಾದ ಬಟ್ಟೆ. ಎಲ್ಲಿ ಸಿಗುತ್ತದೆಂದು ಅಲ್ಲೇ ನಿಂತು ಫೋನು ಮಾಡಿ ತರಿಸಿದರು. ಅಂದಿನಿಂದ ಅವರು ಹಲವು ಸಲ ಶೆಡ್ಡಿಗೆ ಬಂದರು. ಮಾಸ್ಕು ಹಾಕಿಕೊಂಡು ಬಾಗಿಲ ಹೊರಗೆ ಕುರ್ಚಿಯಲ್ಲಿ ಕೂತು ಎಲ್ಲದಕ್ಕೂ ಒಂದು ಮಾತು ಹೇಳುತ್ತಿದ್ದರು. ಬಾಡಿದ್ದ ಮುಖಕ್ಕೆ ವ್ಯಾಪಾರಿಯ ಕಳೆ ತಿರುಗಿ ಬಂದಿತ್ತು.

ಹೊಸ ಬಟ್ಟೆ ಬಂತು, ಹೊಸ ಕಷ್ಟವೂ ಬಂತು. ಸೂಜಿ ಚುಚ್ಚಿದಲ್ಲೆಲ್ಲ ತೂತು. ಆ ತೂತುಗಳಲ್ಲಿ ಕೊಳೆ ಕೂರುತ್ತದೆ, ಒರೆಸಿದ ನೀರು ಹಿಂದಕ್ಕೆ ಇಳಿಯುತ್ತದೆ. ಸೂಜಿಯನ್ನೇ ನಂಬಿ ಬದುಕಿದವಳು ನಾನು, ಈಗ ಸೂಜಿಯನ್ನೇ ಬಿಡಬೇಕು. ಜೀಡಿಮೆಟ್ಲಾದ ಔಷಧ ಕಾರ್ಖಾನೆಗಳಿಗೆ ಪ್ಲಾಸ್ಟಿಕ್ ಪರದೆ ಮಾಡುವವರು ಅಂಚುಗಳನ್ನು ಹೊಲಿಯುವುದಿಲ್ಲ, ಬಿಸಿಗಾಳಿಯಿಂದ ಬೆಸೆಯುತ್ತಾರೆ. ಅಲ್ಲಿಗೆ ಹೋಗಿ ಕೂತೆ. ಬಿಸಿ ಹೆಚ್ಚಾದರೆ ಬಟ್ಟೆ ಸುಟ್ಟು ಮುರುಟುತ್ತದೆ, ಕಡಿಮೆಯಾದರೆ ಎಳೆದರೆ ಬಿಚ್ಚಿಕೊಳ್ಳುತ್ತದೆ. ಎಷ್ಟು ತುಂಡು ಸುಟ್ಟೆನೋ, ಬೆರಳೂ ಸುಟ್ಟುಕೊಂಡೆ. ಕೊನೆಗೊಂದು ದಿನ ಬೆಸೆದ ಎರಡು ತುಂಡುಗಳನ್ನು ಉಸ್ತಾದರ ಕೈಗಿಟ್ಟೆ. ಅವರು ಬಲ ಹಾಕಿ ಎಳೆದರು. ಬಟ್ಟೆ ಹಿಗ್ಗಿತೇ ಹೊರತು ಬೆಸುಗೆ ಬಿಡಲಿಲ್ಲ. “ಅಬ್ ತೂ ಉಸ್ತಾದ್” ಎಂದರು. ಅಷ್ಟು ವರ್ಷಗಳಲ್ಲಿ ಅವರು ನನ್ನನ್ನು ಹೊಗಳಿದ್ದು ಅದೊಂದೇ ಸಲ.

ಸಿಸ್ಟರ್ ಲಲಿತಾ ಮತ್ತೆ ಬಂದರು. ಗೋಡೆ ಒರೆಸಿ ನೋಡಿದರು, ಮೂಲೆಗಳಿಗೆ ಟಾರ್ಚು ಹಾಕಿದರು, ಪಂಪು ತುಳಿದು ಕೈ ತೊಳೆದರು. ಅಷ್ಟಕ್ಕೇ ಬಿಡದೆ ಅದೇ ಮಣ್ಣುರಸ್ತೆಗೆ ಗಾಡಿ ಒಯ್ಯಿಸಿ, ಟಿಪ್ಪರುಗಳು ಧೂಳೆಬ್ಬಿಸುತ್ತ ಓಡಾಡುವ ಜಾಗದಲ್ಲೇ ನಿಲ್ಲಿಸಿದರು. ಬ್ಲೋವರು ಆರಿಸಿ, ಬಾಗಿಲು ಮುಚ್ಚಿ, ವೀರಣ್ಣನವರ ಜೊತೆ ಒಳಗೆ ಕೂತರು. ನಾನು, ಕಸ್ತೂರಿಬಾಯಿ ಸೆರಗು ಮೂಗಿಗೆ ಹಿಡಿದು ಹೊರಗೆ ನಿಂತೆವು. ಅವರು ನನ್ನ ಮೊಣಕೈ ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಕೊನೆಗೆ ಬಾಗಿಲು ತೆರೆಯಿತು. ಸಿಸ್ಟರ್ ಇಳಿದು ಮಾಸ್ಕು ಸರಿಸಿ, “ಇಪ್ಪುಡು ಬಾಗುಂದಿ” ಎಂದರು. ಈಗ ಚೆನ್ನಾಗಿದೆ. ಡಾಕ್ಟರೂ ಕೆಲವು ದಿನ ಪರೀಕ್ಷೆ ಮಾಡಿಸಿ ನೋಡಿ, ದಾರಿಯುದ್ದದ ಆಸ್ಪತ್ರೆಗಳ ವಿವರ ಕೊಟ್ಟು ಒಪ್ಪಿದರು.

ಚಳಿಗಾಲ ಶುರುವಾದಾಗ ಹೊರಟರು. ಕಸ್ತೂರಿಬಾಯಿ ಹೋದ ಊರುಗಳಿಂದೆಲ್ಲ ಫೋನು ಮಾಡುತ್ತಿದ್ದರು. ನಾನು ಕೇಳುತ್ತಿದ್ದದ್ದು ಒಂದೇ: “ನೀರು ಹೆಂಗೈತ್ರಿ ಅಕ್ಕಾರ?” ಅವರದೂ ಒಂದೇ ಉತ್ತರ: “ತಿಳಿ ಐತ್ರಿ.” ಉಪ್ಪಿನ ಬಯಲಿನಿಂದ ಮಾಡಿದಾಗ ಮಾತ್ರ, “ಏನಂತ ಹೇಳ್ಲಿ ಮಹಾದೇವಿ, ಇವರು ಮಾಡಿದ ವರ್ಣನಾ ಏನೇನೂ ಸಾಲದು” ಎಂದರು.

ಆಮೇಲೆ ಕೆಲವು ದಿನ ಫೋನಿಲ್ಲ. ನಾನು ಮಾಡಿದರೂ ಹತ್ತುತ್ತಿರಲಿಲ್ಲ. ಕೈಗೆ ಕೆಲಸ ಹತ್ತದಾಯಿತು. ಉಸ್ತಾದರೂ ದಿನಕ್ಕೊಮ್ಮೆ, “ಖಬರ್ ಆಯೀ ಕ್ಯಾ?” ಎಂದು ಕೇಳುತ್ತಿದ್ದರು. ಕಡೆಗೆ ಒಂದು ಬೆಳಗ್ಗೆ ಕಸ್ತೂರಿಬಾಯಿಯ ದನಿ ಕೇಳಿತು, ಹೆಚ್ಚುಕಡಿಮೆ ಕೂಗುತ್ತಿದ್ದರು.

“ಗಾಡಿ ಉಸುಕಿನಾಗ ಹೂತು ಕೂತಬಿಟ್ಟಿತ್ರಿ! ಸುತ್ತ ಒಂದು ನರಪಿಳ್ಳಿ ಇಲ್ಲ, ಗಾಳಿ ಅಂದ್ರ ಗಾಳಿ. ಅಷ್ಟರಾಗ ಇವರ ಚೀಲದ ಹೊತ್ತಾತು. ಒಳಗ ಇವರು, ಹೊರಗ ನಾನು ಸಲಿಕಿ ಹಿಡದು. ಟಾಯರಿನ ಗಾಳಿ ಇಳಿಸಿ, ಉಸುಕು ತೋಡಿ, ಫೋರ್-ವೀಲ್ ಹಾಕಿದೆ. ಇವರದು ಮುಗೀತು, ನನ್ನದೂ ಮುಗೀತು. ಗಾಡಿ ಗುಂಯ್ ಅಂತ ಎದ್ದು ಬಂತು! ನನ್ನ ಕಣ್ಣು, ಕಿವಿ, ಬಾಯಿ ಎಲ್ಲಾ ಉಸುಕು. ಒಳಗ ಬಾಗಲಾ ತಗದು ನೋಡಿದ್ರ ಇವರು ತಲಿ ಬಾಚ್ಕೊಂಡು ಕೂತಾರ.”

“ನೀರು?” ಎಂದೆ.

“ತಿಳಿ! ತಿಳಿ ಐತಿ!”

ನಾನು ಫೋನಿಟ್ಟು ಉಸ್ತಾದರಿಗೆ ಹೇಳಿದೆ. ಅವರು ಇಡೀ ಶೆಡ್ಡಿಗೆ ಬಿರಿಯಾನಿ ತರಿಸಿದರು.

ತಿರುಗಿ ಬಂದಾಗ ಅವರು ನೇರ ಮನೆಗೆ ಹೋಗಲಿಲ್ಲ. ನಡುಮಧ್ಯಾಹ್ನ ನಮ್ಮ ಶೆಡ್ಡಿಗೇ ಬಂದು ನಿಂತರು. ಒಳಗೆ ಎರಡು ಗಾಡಿಗಳ ಪೇಂಟು ಉಜ್ಜುವ ಕೆಲಸ ನಡೆದಿತ್ತು, ಒಬ್ಬರ ಮುಖ ಒಬ್ಬರಿಗೆ ಕಾಣದಷ್ಟು ಧೂಳು. ಕಸ್ತೂರಿಬಾಯಿ ಬಿಸಿಲಿಗೆ ಕರ್ರಗಾಗಿದ್ದರು, ನಗುತ್ತಿದ್ದರು. ವೀರಣ್ಣನವರು ಕಿಟಕಿಯ ಗಾಜಿನಾಚೆಯಿಂದ ಕೈಗಡಿಯಾರ ತೋರಿಸಿದರು. ಅವರ ಚೀಲದ ಹೊತ್ತಾಗಿತ್ತು. ಉಸ್ತಾದರು ಗಾಬರಿಯಾಗಿ, “ಮಷೀನಾಂ ಬಂದ್ ಕರೋ!” ಎಂದು ಕೂಗಿದರು. ಎಲ್ಲ ನಿಂತಿತು.

ಗಾಜು ಕೂದಲೆಳೆಯಷ್ಟು ಇಳಿಯಿತು.

“ಯಾಕ ನಿಲ್ಲಿಸಿದ್ರಿ?” ಎಂದರು ವೀರಣ್ಣ. “ನಡೀಲಿ, ನಡೀಲಿ. ನಿಮ್ಮ ಕೆಲಸ ನೀವು ಮಾಡ್ರಿ, ನನ್ನ ಕೆಲಸ ನಾ ಮಾಡ್ತೀನಿ.”

ಗಾಜು ಏರಿತು, ಪರದೆ ಬಿತ್ತು. ಮಷೀನುಗಳು ಮತ್ತೆ ಗುರ್ರೆಂದವು. ನಾವು ಆ ಧೂಳಿನಲ್ಲೇ ನಿಂತು ಕಾದೆವು. ಸ್ವಲ್ಪ ಹೊತ್ತಿಗೆ ಬಾಗಿಲು ತೆರೆದು ವೀರಣ್ಣ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಇಳಿದರು. ಕೆಳಗಿನ ಚೀಲವನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದರು. ಅದರಾಚೆ ನಿಂತ ಉಸ್ತಾದರ ಬಿಳಿಗಡ್ಡ ಒಂದೊಂದು ಕೂದಲೂ ಬಿಡದೆ ಸ್ಪಷ್ಟವಾಗಿ ಕಾಣುತ್ತಿತ್ತು.

“ಚಾ ತರಸ್ರಿ, ನನಗ ಅರ್ಧಾನ ಕಪ್ಪು ಸಾಕು” ಎಂದು ಕುರ್ಚಿ ಎಳೆದುಕೊಂಡು ಕೂತು, ನನ್ನನ್ನು ಹತ್ತಿರ ಕರೆದರು. “ಮುಂದಿನ ಸರ್ತಿ ಈಕಿ ಅರುಣಾಚಲ ಅನ್ನಾಕತ್ತಾಳ. ಅಲ್ಲಿ ಭಾಳ ಥಂಡಿ ಅಂತ. ಆ ಹೀಟರ್ ಸಾಕಾಗತೈತೋ ಇಲ್ಲೋ, ಬಂದು ನೋಡ್ರಿ.”